ಮ್ಯಾಗ್ನೆಟೋ ಯಾವ ಕಡೆಗೆ ತಿರುಗುತ್ತದೆ?

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಬಿಳಿ ಚುಕ್ಕೆಗಳಿದ್ದವು. ಕೈಯ ಉಳಿದ ಚರ್ಮವೆಲ್ಲ ಗ್ರೀಸು ಹತ್ತಿ ಕಪ್ಪಾಗಿದ್ದರಿಂದ ಆ ಚುಕ್ಕೆಗಳು ಎದ್ದು ಕಾಣುತ್ತಿದ್ದವು. ನಾನು ನರ್ಸು. ಚರ್ಮದ ಮೇಲೆ ಬಿಳಿ ಕಲೆ ಕಂಡರೆ, ಕುಷ್ಠವಿರಬಹುದೆಂದು, ಅಲ್ಲಿ ಸ್ಪರ್ಶ ಇದೆಯೇ ಎಂದು ಮೊದಲು ಪರೀಕ್ಷಿಸಬೇಕು ಎಂದು ಕಲಿತವಳು. ಹಾಗಾಗಿ ನಾನು ಅವರೊಡನೆ ಆಡಿದ ಮೊದಲ ಮಾತು ನಮಸ್ಕಾರ ಅಲ್ಲ. ಏಪ್ರನ್ನಿನ ಪಿನ್ನು ತೆಗೆದು ಅದರ ಮೊಂಡು ತುದಿಯಿಂದ ಅವರ ಹೆಬ್ಬೆರಳನ್ನು ಮುಟ್ಟಿ, "ಗೊತ್ತಾಗುತ್ತಾ?" ಎಂದು ಕೇಳಿದೆ.

"ಗೊತ್ತಾಗುತ್ತೆ ಸಿಸ್ಟರಮ್ಮ," ಎಂದರು ಅವರು, ಕೈ ಹಿಂದೆಗೆಯದೆ. "ಇದು ಬೀಮಾರಿ ಅಲ್ಲ. ಹಾಜರಿ ಪುಸ್ತಕ. ರಿಪೇರಿಗೆ ಬಂದ ಒಂದೊಂದು ಮ್ಯಾಗ್ನೆಟೋನೂ ಒಂದೊಂದ್ಸಲ ಕಿಡಿಯಿಂದ ಕಚ್ಚಿ ಸಹಿ ಹಾಕಿದೆ."

ನಾವೆಲ್ಲ ಅವರನ್ನು ಮಿಸ್ತ್ರಿಗಳು ಎಂದೇ ಕರೆಯುತ್ತಿದ್ದೆವು. ಅವರ ಅಂಗಡಿ ರಸೆಲ್ ಮಾರುಕಟ್ಟೆಯ ಹಿಂದಿನ ಒಂದು ಸಂದಿಯಲ್ಲಿತ್ತು. ಈಗ ಆ ಪ್ರದೇಶಕ್ಕೆಲ್ಲ ಶಿವಾಜಿನಗರ ಎನ್ನುತ್ತಾರೆ. ಆಗ ನಮ್ಮ ಬಾಯಲ್ಲಿ ಅದು ಬ್ಲ್ಯಾಕ್‌ಪಲ್ಲಿ. ಅಂಗಡಿ ಎಂದರೆ ಒಂದು ಮರದ ಬಾಗಿಲು, ಒಂದು ಗಟ್ಟಿ ಮೇಜು, ಮೂರು ಹಲಗೆ. ಎಡ ಮೊಣಕಾಲು ಮಡಿಸಲು ಬಾರದ ಕಾರಣ ಆ ಕಾಲನ್ನು ನೀಳವಾಗಿ ಚಾಚಿಕೊಂಡು ಎತ್ತರದ ಸ್ಟೂಲಿನ ಮೇಲೆ ದಿನವಿಡೀ ಕೂತಿರುತ್ತಿದ್ದರು. ಕಾರು ಬಿಚ್ಚುವುದು, ಲಾರಿ ಕೆಳಗೆ ತೂರುವುದು ಇವೆಲ್ಲ ಅವರದಲ್ಲ. ಮ್ಯಾಗ್ನೆಟೋ ಮಾತ್ರ. ಬ್ಯಾಟರಿಯ ಹಂಗಿಲ್ಲದೆ, ಎಂಜಿನ್ನು ತಿರುಗಿದಾಗ ತಾನೂ ತಿರುಗಿ, ಒಳಗಿನ ಅಯಸ್ಕಾಂತದ ಬಲದಿಂದ ಪೆಟ್ರೋಲು ಹೊತ್ತಿಸುವ ಕಿಡಿ ಹುಟ್ಟಿಸುವ ಸಾಧನ ಅದು. ಹಳೆಯ ಕಾರುಗಳೆಲ್ಲ ಅದರಿಂದಲೇ ಓಡುತ್ತಿದ್ದವು.

ಆ ಸಂದಿಗೆ ಒಂದು ಕಟ್ಟುಪಾಡಿತ್ತು. ಅಂಗಡಿಯಲ್ಲಿ ಎಲ್ಲೆಲ್ಲೂ ಅಯಸ್ಕಾಂತಗಳಿದ್ದುದರಿಂದ ಗಡಿಯಾರಗಳು ಕೆಟ್ಟು ನಿಲ್ಲುತ್ತಿದ್ದವು. ಆದ್ದರಿಂದ ಸಂದಿಯ ಬಾಯಲ್ಲಿದ್ದ ಬೇಕರಿಯಲ್ಲಿ ವಾಚು ಬಿಟ್ಟೇ ಒಳಗೆ ಹೋಗಬೇಕು. ಬೇಕರಿಯವರು ಅದನ್ನು ಬಿಸ್ಕತ್ತಿನ ಖಾಲಿ ಡಬ್ಬಿಗೆ ಹಾಕಿ ಮುಚ್ಚಿಡುತ್ತಿದ್ದರು. ನನಗೆ ಇದು ಬಹಳ ಕಷ್ಟವಾಯಿತು. ಐದಕ್ಕೆ ಏಳುವುದು, ಐದೂಕಾಲಿಗೆ ಸ್ನಾನ, ಆರಕ್ಕೆ ಎಲ್ಲರ ಜ್ವರ ನೋಡಿ ಬರೆಯುವುದು, ಆರೂವರೆಗೆ ಹಾಸಿಗೆ ಹೊದಿಕೆಗಳ ಮೂಲೆ ಮಡಿಸುವುದು. ನಮ್ಮನ್ನು ತಯಾರು ಮಾಡಿದ ಮೇಟ್ರನ್ ಇಷ್ಟನ್ನೂ ಎದೆಯ ಮೇಲಿನ ವಾಚಿಗೆ ಕಟ್ಟಿ ಕೊಟ್ಟಿದ್ದರು. ಆ ವಾಚು ಇಲ್ಲದೆ ನಾನು ಕಳೆದ ಗಂಟೆಗಳು ಆ ಅಂಗಡಿಯವು ಮಾತ್ರ.

ನಾನು ಅಲ್ಲಿಗೆ ಹೋದದ್ದು ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಹಲಸೂರಿನ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೆ. ನಾನು, ಡಾಕ್ಟರಮ್ಮ, ಇಬ್ಬರು ಆಯಾಗಳು, ಒಬ್ಬ ಡ್ರೈವರು. ಡ್ರೈವರಿಗೆ ಅರವತ್ತು ದಾಟಿತ್ತು. ತಮಿಳಿನವರು, ಎಲ್ಲರಿಗೂ ತಾತ. ಯಾರೋ ದಾನ ಕೊಟ್ಟ, ಕ್ಯಾನ್‌ವಾಸ್ ಹೊದಿಕೆಯ ಹಳೆಯ ಇಂಗ್ಲಿಷ್ ಕಾರಿನಲ್ಲಿ ವಾರಕ್ಕೊಮ್ಮೆ ಮದ್ರಾಸ್ ರಸ್ತೆ ಹಿಡಿದು ಕೃಷ್ಣರಾಜಪುರದ ಆಚೆಯ ಹಳ್ಳಿಗಳಿಗೆ ಹೋಗಿ ಬಸುರಿಯರನ್ನು ನೋಡಿ ಬರುತ್ತಿದ್ದೆವು. ಈಗಿನ ಇಂದಿರಾನಗರದ ಜಾಗದಲ್ಲಿ ಆಗ ರಾಗಿ ಹೊಲ ಇತ್ತು. ಹಲಸೂರು ಬಿಟ್ಟರೆ ಊರು ಮುಗಿಯಿತು ಎಂದೇ ಲೆಕ್ಕ.

ಅಂಥ ಒಂದು ಹಳ್ಳಿಯಲ್ಲಿ, ಕೆರೆಯ ಆಚೆ ದಂಡೆಯ ಮನೆಯಲ್ಲಿ, ಇಪ್ಪತ್ತೆರಡರ ಒಬ್ಬ ಹೆಣ್ಣುಮಗಳಿದ್ದಳು. ಹಿಂದೆ ಎರಡು ಸಲ ಮಗು ಉಳಿದಿರಲಿಲ್ಲ. ಈ ಸಲ ಎಂಟು ತಿಂಗಳು ತುಂಬಿದಾಗ ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿದರು. ಮಗು ಅಡ್ಡವಾಗಿ ಮಲಗಿತ್ತು. ನೋವು ಶುರುವಾಗುವ ಮೊದಲೇ ಇವಳನ್ನು ಆಸ್ಪತ್ರೆಗೆ ತಂದಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ತಾಯಿಯೂ ಉಳಿಯುವುದು ಕಷ್ಟ ಎಂದರು. ಅತ್ತೆ ಒಪ್ಪಲಿಲ್ಲ.

"ಎತ್ತಿನ್ ಗಾಡೀಲಿ ಹಾಕ್ಕೊಂಡ್ ಹೋದ್ರೆ ಹಾದೀಲೇ ಆಗೋಯ್ತದೆ ಕಣಮ್ಮ. ಹೋದ್ಸಲ ಅಂಗೇ ಆಗಿದ್ದು," ಎಂದಳು ಆ ಮುದುಕಿ. "ನಿಮ್ ಮೋಟ್ರು ಬರ್ಲಿ, ಕಳಿಸ್ತೀನಿ. ಬರ್ಲಿಲ್ಲ ಅಂದ್ರೆ ಇಲ್ಲೇ ಆಗ್ಲಿ."

"ಇವತ್ತಿನಿಂದ ಮೂರನೇ ಶುಕ್ರವಾರ ಬೆಳಿಗ್ಗೆ ಮೋಟ್ರು ಬಾಗಿಲಿಗೆ ಬರುತ್ತೆ," ಎಂದೆ ನಾನು. ಮಾತು ಕೊಟ್ಟದ್ದು ಡಾಕ್ಟರಮ್ಮ ಅಲ್ಲ, ನಾನು.

ಅದೇ ದಿನ ವಾಪಸು ಬರುವಾಗ ಕಾರು ನಿಂತುಹೋಯಿತು. ಎತ್ತು ಕಟ್ಟಿ ಹಲಸೂರಿಗೆ ಎಳೆಸಿಕೊಂಡು ಬಂದೆವು. ಯಾರೋ ಒಬ್ಬ ಮೆಕ್ಯಾನಿಕ್ಕು ಮ್ಯಾಗ್ನೆಟೋ ಸುಟ್ಟಿದೆ ಎಂದು ಬಿಚ್ಚಿಕೊಂಡು ಹೋದವನು ಮತ್ತೆ ಮುಖ ತೋರಿಸಲಿಲ್ಲ. ಅವನ ದಾರಿ ನೋಡುವುದರಲ್ಲೇ ಎರಡು ವಾರ ಹೋಯಿತು. ಉಳಿದದ್ದು ಆರು ದಿನ. ಆಗ ತಾತ ಹೇಳಿದರು: "ಮಾರ್ಕೆಟ್ ಹಿಂದ್ಗಡೆ ಒಬ್ರು ಸಾಯಬ್ರು ಇದಾರಮ್ಮ. ಅವ್ರ ಹತ್ರ ಇಲ್ಲದ ಮ್ಯಾಗ್ನೆಟ್ ಇಲ್ಲ."

ಹೀಗೆ ಶನಿವಾರ ಮಧ್ಯಾಹ್ನ ನಾನು ಬೇಕರಿಯಲ್ಲಿ ವಾಚು ಬಿಟ್ಟು ಒಳಗೆ ಹೋದೆ. ತಾತ ಹಿಂದೆ ನಿಂತಿದ್ದರು.

"ಒಂದು ಮ್ಯಾಗ್ನೆಟೋ ಬೇಕು. ನಾಲ್ಕು ಸಿಲಿಂಡರ್ ಕಾರಿಗೆ," ಎಂದೆ.

ಅವರು ಮ್ಯಾಗ್ನೆಟೋ ತೋರಿಸಲಿಲ್ಲ. ಪ್ರಶ್ನೆ ಕೇಳಲು ಶುರು ಮಾಡಿದರು.

"ಗಾಡಿ ಸ್ಟಾರ್ಟ್ ಮಾಡೋಕೆ ಹ್ಯಾಂಡಲ್ ಹಾಕಿ ತಿರುಗಿಸೋದು ಯಾರು?"

"ಇವರೇ."

ಅವರು ತಾತನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಭುಜ ನೋವಿದೆಯಾ ಪೆರಿಯವರೇ?" ಎಂದು, ತಮಿಳರು ಹಿರಿಯರನ್ನು ಕರೆಯುವ ಹಾಗೆ ಕರೆದು ಕೇಳಿದರು.

"ಬಲಗಡೆ ಸ್ವಲ್ಪ. ನಿಮಗೆ ಹೇಗೆ ಗೊತ್ತಾಯ್ತು?"

"ಸಿಸ್ಟರಮ್ಮನ ಚೀಲಾನ ಎಡಗೈಲಿ ಹಿಡ್ಕೊಂಡಿದ್ದೀರಿ. ಬೆಳಿಗ್ಗೆ ಏನಾದ್ರೂ ತಿಂದು ತಿರುಗಿಸ್ತೀರೋ, ಖಾಲಿ ಹೊಟ್ಟೇಲೋ?"

"ಕಾಪಿ ಕುಡಿದು."

"ಗಾಡಿ ರಾತ್ರಿ ನಿಲ್ಲೋದು ಒಳಗೋ, ಹೊರಗೋ?"

ನನಗೆ ಕುತೂಹಲ ಹುಟ್ಟಿತು. ರೋಗಿ ಬಂದ ಕೂಡಲೆ ನಾವು ಬರೆದುಕೊಳ್ಳುವ ವಿವರದ ಹಾಗೆಯೇ ಇತ್ತು ಇದು. ಔಷಧಿಯ ಮಾತು ಕೊನೆಗೆ. ಮೊದಲು ವಯಸ್ಸು, ಊಟ, ಮಲಗುವ ಜಾಗ. ಬ್ಯಾಟರಿ ಹಾಕಿದರೆ ಈ ರಗಳೆಯೇ ಇರುವುದಿಲ್ಲವಲ್ಲ ಎಂದು ಕೇಳಿದೆ. ಡಾಕ್ಟರಮ್ಮ ಹಾಗೆ ಕೇಳಿಕೊಂಡು ಬಾ ಎಂದಿದ್ದರು.

"ಹಾಕ್ಬೋದು. ಆದ್ರೆ ಬ್ಯಾಟರಿ ಎಲ್ಲಾ ಮಿಲ್ಟ್ರಿಗೆ ಹೋಯ್ತು, ಉಳಿದಿರೋದು ಕಸ. ಹಳ್ಳೀಲಿ ಸತ್ರೆ ಯಾರ ಮನೇಲಿ ಹೋಗಿ ಕೇಳ್ತೀರಿ?" ಎಂದರು. "ಮ್ಯಾಗ್ನೆಟೋ ಹಂಗಲ್ಲ. ಯಾರನ್ನೂ ಕೇಳಲ್ಲ. ನೀವು ತಿರುಗ್ಸಿ, ಅದು ಕಿಡಿ ಕೊಡುತ್ತೆ, ಅಷ್ಟೇ."

ಆಮೇಲೆ ಹಲಗೆಯಿಂದ ಮೂರನ್ನು ಇಳಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೊದಲನೆಯದು ಜರ್ಮನಿಯದು, ಹಳೆಯದು. ಮೇಲೆ ಲಾಳದ ಆಕಾರದ ಅಯಸ್ಕಾಂತ, ಫಳಫಳ ಹಿತ್ತಾಳೆ. ಎರಡನೆಯದು ಮಿಲಿಟರಿ ಹರಾಜಿನ ಮಾಲು, ಹೊಚ್ಚಹೊಸತು, ಬೂದು ಬಣ್ಣ. ಮೂರನೆಯದೂ ಅದೇ ಜಾತಿಯದು. ಆದರೆ ಯಾವುದೋ ನೀರೆತ್ತುವ ಎಂಜಿನ್ನಿನಿಂದ ಬಂದದ್ದು. ಮಣ್ಣು ಮೆತ್ತಿಕೊಂಡಿತ್ತು, ಹೊದಿಕೆಯಲ್ಲಿ ಸೀಳಿತ್ತು.

"ಜರ್ಮನಿದೇ ಇರ್ಲಿ ಸಾಯಬ್ರೇ," ಎಂದರು ತಾತ. "ಆ ಹಿತ್ತಾಳೆ ನೋಡಿ, ದೇವಸ್ಥಾನದ ಗಂಟೆ ಇದ್ದಂಗಿದೆ."

"ಬಾರಿಸಿ ನೋಡಿ ಮತ್ತೆ," ಎಂದು ಮಿಸ್ತ್ರಿಗಳು ಅದನ್ನು ತಾತನ ಮುಂದೆ ತಳ್ಳಿದರು.

ಪರೀಕ್ಷೆ ಮಾಡುವ ಅವರ ರೀತಿ ಹೀಗಿತ್ತು. ಮ್ಯಾಗ್ನೆಟೋದಿಂದ ಬಂದ ತಂತಿಯ ತುದಿಗೂ ಅದರ ಮೈಗೂ ನಡುವೆ ಕಿಡಿ ಹಾರಲು ಕೂದಲೆಳೆಯಷ್ಟು ಜಾಗ ಬಿಟ್ಟು, ಅಲ್ಲಿ ಸಿಗರೇಟು ಪೊಟ್ಟಣದ ತೆಳು ಕಾಗದ ಹಿಡಿಯುತ್ತಿದ್ದರು. ಶಾಫ್ಟು ತಿರುಗಿಸಿ ಕಾಗದವನ್ನು ಬೆಳಕಿಗೆ ಎತ್ತಿ ನೋಡುತ್ತಿದ್ದರು. ಕಿಡಿ ಹಾರಿದ್ದರೆ ಸೂಜಿ ಚುಚ್ಚಿದಂಥ ತೂತು. ತೂತಿನ ಅಂಚು ಕಪ್ಪಗಿದ್ದರೆ ಒಳ್ಳೆಯ ಕಿಡಿ.

ತಾತ ಜರ್ಮನಿಯದನ್ನು ಜೋರಾಗಿ ತಿರುಗಿಸಿದರು. ಕಾಗದದಲ್ಲಿ ತೂತು ಬಿತ್ತು. ತಾತನ ಮುಖ ಅರಳಿತು.

"ಇದು ಇಲ್ಲಿ, ಕೂತ್ಕೊಂಡು. ಈಗ ಚಳೀಲಿ, ನೋವಿರೋ ಭುಜದಲ್ಲಿ, ಗಾಡಿ ತೂಕ ಎಳೀತಾ ತಿರುಗ್ಸೋ ಹಂಗೆ ತಿರುಗ್ಸಿ. ನಿಧಾನ."

ನಿಧಾನವಾಗಿ ತಿರುಗಿಸಿದಾಗ ಕಾಗದ ಹಾಗೇ ಉಳಿಯಿತು. "ಇದು ಜವಾನ್ ಹುಡುಗರ ಮ್ಯಾಗ್ನೆಟೋ," ಎಂದರು ಮಿಸ್ತ್ರಿಗಳು. "ನಾವು ಮುದುಕರು ಪೆರಿಯವರೇ."

ಬೂದು ಬಣ್ಣದ್ದನ್ನು ನನ್ನ ಕೈಗೆ ಕೊಟ್ಟರು. ಅದರ ಮೂತಿಯಲ್ಲಿ ಸ್ಪ್ರಿಂಗಿನ ಒಂದು ಕೊಂಡಿ ಇತ್ತು. ನಿಧಾನವಾಗಿ ತಿರುಗಿಸಿದರೆ ಆ ಕೊಂಡಿ ಒಳಗಿನ ಶಾಫ್ಟನ್ನು ತಡೆದು ಹಿಡಿಯುತ್ತದೆ. ಸ್ಪ್ರಿಂಗು ಬಿಗಿಯಾದ ಮೇಲೆ ಒಮ್ಮೆಲೇ ಬಿಟ್ಟುಬಿಡುತ್ತದೆ. "ಟಕ್" ಎಂದು ಸದ್ದು. ಆ ಒಂದು ಕ್ಷಣ ಶಾಫ್ಟು ತಾನೇ ರಭಸದಿಂದ ತಿರುಗಿ ಕಿಡಿ ಕೊಡುತ್ತದೆ. ಜೊತೆಗೆ ಕಿಡಿಯನ್ನು ತುಸು ತಡವಾಗಿ ಕೊಡುವುದರಿಂದ ಹ್ಯಾಂಡಲ್ಲು ಹಿಂದಕ್ಕೆ ಒದೆಯುವುದಿಲ್ಲ. ನಾನು ಎರಡೇ ಬೆರಳಿನಿಂದ ತಿರುಗಿಸಿದೆ. ಟಕ್. ಕಾಗದದಲ್ಲಿ ಕಪ್ಪಂಚಿನ ತೂತು. ಮತ್ತೆ ತಿರುಗಿಸಿದೆ, ಮತ್ತೆ. ವಾಚು ಇದ್ದಿದ್ದರೆ ಎಷ್ಟು ಹೊತ್ತು ತಿರುಗಿಸಿದೆನೆಂದು ಹೇಳಬಹುದಿತ್ತು.

"ಸಾಕು ಸಿಸ್ಟರಮ್ಮ, ಪಾಪ ಅದಕ್ಕೆ ಸುಸ್ತಾಗುತ್ತೆ," ಎಂದು ನಕ್ಕರು. "ನಿಮಗೆ ಇದೇ ಜಾತಿ. ಆದ್ರೆ ಇದರಲ್ಲಿ ಎರಡು ಥರ. ಈ ಕೊಂಡಿ ಒಂದೇ ಕಡೆಗೆ ಹಿಡಿಯುತ್ತೆ. ಹೊಸದು ಎಡಕ್ಕೆ ತಿರುಗೋದು. ಮಣ್ಣು ಹತ್ತಿರೋದು ಬಲಕ್ಕೆ. ನಿಮ್ಮ ಗಾಡೀಲಿ ಮ್ಯಾಗ್ನೆಟೋ ಕೂರೋ ಜಾಗಕ್ಕೆ ಎಂಜಿನ್ನಿಂದ ಒಂದು ಶಾಫ್ಟ್ ಬರುತ್ತೆ. ಪೆರಿಯವರು ಹ್ಯಾಂಡಲ್ ತಿರುಗಿಸ್ಲಿ, ಆ ಶಾಫ್ಟ್ ಯಾವ ಕಡೆ ತಿರುಗುತ್ತೆ ನೋಡ್ಕೊಂಡು ಬನ್ನಿ. ಬರ್ಕೊಂಡು ಬನ್ನಿ."

ಬರೆಯುವುದು ಎಂದರೆ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಭಾನುವಾರ ತಾತ ಹ್ಯಾಂಡಲ್ ಹಾಕಿದರು. ನಾನು ಕಾರಿನ ಎದುರು, ಅದರ ಮುಖಕ್ಕೆ ಮುಖ ಕೊಟ್ಟು ಬಗ್ಗಿ ನೋಡಿದೆ. ಮೂರು ಸಲ ನೋಡಿ ಖಚಿತ ಮಾಡಿಕೊಂಡು ಪುಸ್ತಕದಲ್ಲಿ ಬರೆದೆ: "ಎಡಕ್ಕೆ." ಕೆಳಗೆ ತಾರೀಖು, ಹೊತ್ತು, ಸಹಿ.

ಸೋಮವಾರ ಮಿಸ್ತ್ರಿಗಳ ಮುಂದೆ ಅದನ್ನು ಓದಿದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅಂಕಿ ಬಿಟ್ಟರೆ ಯಾವ ಅಕ್ಷರವೂ ಬರುತ್ತಿರಲಿಲ್ಲ. "ಎಡಕ್ಕೆ. ಪಕ್ಕಾನಾ?" ಎಂದು ಕೇಳಿದರು. "ಮೂರು ಸಲ ನೋಡಿದ್ದೇನೆ," ಎಂದೆ. "ನಿಮ್ಮ ನಸೀಬು ಚೆನ್ನಾಗಿದೆ, ಹೊಸದೇ ಸಿಕ್ತು," ಎಂದು ಬೂದು ಬಣ್ಣದ್ದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಕೂರಿಸುವ ಕ್ರಮವನ್ನು ತಾತನಿಗೆ ಎರಡು ಸಲ ಹೇಳಿಸಿ ಒಪ್ಪಿಸಿಕೊಂಡರು.

ಮಂಗಳವಾರ ಬೆಳಿಗ್ಗೆ ಎಂಟಕ್ಕೆ ತಾತ ಅದನ್ನು ಕೂರಿಸಿ ಹ್ಯಾಂಡಲ್ ತಿರುಗಿಸಿದರು. ಟಕ್ ಎನ್ನಲಿಲ್ಲ. ಮತ್ತೆ ತಿರುಗಿಸಿದರು. ಏನೂ ಇಲ್ಲ. ಹಟ ಹಿಡಿದು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಜೋರಾಗಿ ಎಳೆದರು. ಎಂಜಿನ್ನು ಒಮ್ಮೆ ಕೆಮ್ಮಿತು; ಹ್ಯಾಂಡಲ್ಲು ಹಿಂದಕ್ಕೆ ಒದೆಯಿತು. ತಾತ ಮಣಿಕಟ್ಟು ಹಿಡಿದುಕೊಂಡು ನೆಲಕ್ಕೆ ಕೂತರು. ಮೂಳೆ ಮುರಿದಿರಲಿಲ್ಲ, ಉಳುಕಿತ್ತು. ಕಟ್ಟು ಹಾಕಿ, ಕೈಯನ್ನು ಕೊರಳಿಗೆ ತೂಗು ಹಾಕಿ, ನೇರವಾಗಿ ಮಾರ್ಕೆಟ್ಟಿಗೆ ಹೋದೆ. ಮ್ಯಾಗ್ನೆಟೋವನ್ನು ಬಿಚ್ಚಿಸಿ ಜೊತೆಗೇ ಒಯ್ದಿದ್ದೆ. ಶುಕ್ರವಾರಕ್ಕೆ ಮೂರು ದಿನ ಉಳಿದಿತ್ತು. ನನಗೆ ಸಿಟ್ಟು ಬಂದಿತ್ತು.

"ಮಿಸ್ತ್ರಿಗಳೇ, ಕೆಟ್ಟದ್ದು ಕೊಟ್ಟಿದ್ದೀರಿ. ನಮ್ಮ ತಾತನ ಕೈ ಮುರಿಯುವುದು ಸ್ವಲ್ಪದರಲ್ಲಿ ತಪ್ಪಿತು."

ಅವರು ಸ್ಟೂಲಿನಿಂದ ಅರ್ಧ ಎದ್ದರು. "ಪೆರಿಯವರು ಹೇಗಿದ್ದಾರೆ?"

"ಉಳುಕಿದೆ. ಹದಿನೈದು ದಿನ ಹ್ಯಾಂಡಲ್ ಮುಟ್ಟೋ ಹಾಗಿಲ್ಲ."

"ಟಕ್ ಅಂತಾ?"

"ಇಲ್ಲ."

"ಒಂದ್ಸಲಾನೂ?"

"ಇಲ್ಲ ಅಂದೆನಲ್ಲ!"

ಅವರು ಬಟ್ಟೆ ಬಿಚ್ಚಿ ಕೈಯಿಂದ ತಿರುಗಿಸಿದರು. ಟಕ್. ಇನ್ನೊಂದು ಸುತ್ತು. ಟಕ್. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದರು.

"ಸಿಸ್ಟರಮ್ಮ, ಶಾಫ್ಟ್ ನೋಡುವಾಗ ನೀವು ಎಲ್ಲಿ ನಿಂತಿದ್ರಿ?"

"ಗಾಡಿ ಮುಂದೆ. ಗಾಡಿ ಕಡೆ ಮುಖ ಮಾಡಿ."

"ಸರೀಗೇ ನಿಂತಿದ್ದೀರಿ. ಶಾಫ್ಟಿನ ಮೇಲ್ಭಾಗ ನಿಮ್ಮ ಯಾವ ಕೈ ಕಡೆ ಹೋಯ್ತು?"

"ನನ್ನ ಬಲಗೈ ಕಡೆ."

"ಮತ್ತೆ ಎಡಕ್ಕೆ ಅಂತ ಓದಿದ್ರಲ್ಲ?"

"ಹೌದು. ಗಾಡಿಯ ಎಡಕ್ಕೆ."

"ಗಾಡಿಗೆ ಎಡ ಬಲ ಯಾರು ಕೊಟ್ರು ಸಿಸ್ಟರಮ್ಮ?"

ನಾನು ವಿವರಿಸಿದೆ. ನಮ್ಮ ಮೇಟ್ರನ್ ಮೊದಲ ದಿನವೇ ಕಲಿಸಿದ ನಿಯಮ ಅದು: ರೋಗಿಯ ಎದುರು ನಿಂತಾಗ ನಿಮ್ಮ ಬಲಗೈಯನ್ನು ಮರೆಯಿರಿ. ಬಲ ಎಂದರೆ ರೋಗಿಯ ಬಲ, ಎಡ ಎಂದರೆ ರೋಗಿಯ ಎಡ. ಇದರಲ್ಲಿ ತಪ್ಪಿದರೆ ಚೆನ್ನಾಗಿರುವ ಕಾಲಿಗೆ ಕತ್ತರಿ ಬೀಳುತ್ತದೆ. ಐದು ವರ್ಷ ಹಾಗೆಯೇ ಬರೆದ ಕೈ ಕಾರಿನ ಮುಂದೆಯೂ ಹಾಗೆಯೇ ಬರೆದಿತ್ತು. ಹೇಳುತ್ತ ಹೇಳುತ್ತ ನನ್ನ ದನಿ ತಗ್ಗಿತು. ತಾತನ ಕೈ ಉಳುಕಿಸಿದ್ದು ಮ್ಯಾಗ್ನೆಟೋ ಅಲ್ಲ, ನನ್ನ ಪುಸ್ತಕ ಎಂದು ಹೇಳುವಾಗಲೇ ತಿಳಿಯುತ್ತಿತ್ತು.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಮೇಜು ಹಿಡಿದು ಎದ್ದು, ನನ್ನೆದುರು ನಿಂತು, ತಮ್ಮ ಬಲಗೈ ಎತ್ತಿ, "ಇದು ನಿಮಗೆ ಆ ಕಡೆ. ನನಗೆ ಈ ಕಡೆ. ನೀವು ಬರೆಯೋದು ನಂದು," ಎಂದರು. ಎಡಗೈಯನ್ನೂ ಎತ್ತಿ ನೋಡಿದರು. ಹೊಸ ಯಂತ್ರ ಸಿಕ್ಕಿದವರ ಹಾಗೆ ಅವರ ಕಣ್ಣು ಹೊಳೆಯುತ್ತಿತ್ತು.

"ಒಳ್ಳೆ ಕಾನೂನು ಸಿಸ್ಟರಮ್ಮ. ನಿಮ್ಮ ರೋಗಿ ಮಲಗಿರ್ತಾನೆ, ಅದಕ್ಕೆ ಸರಿಹೋಗುತ್ತೆ. ನನ್ನ ರೋಗಿ ತಿರುಗ್ತಾನೆ. ತಿರುಗೋದಕ್ಕೆ ತನ್ನದು ಅಂತ ಎಡ ಬಲ ಇಲ್ಲ. ನೋಡೋರದ್ದೇ ಇರೋದು." ಆಮೇಲೆ ಕೂತು, ಕಾಲು ಚಾಚಿಕೊಂಡು ಹೇಳಿದರು: "ನೀವು ತಪ್ಪು ಬರೆದಿಲ್ಲ. ನಿಂತ ಜಾಗ ಬರೆದಿಲ್ಲ. ಮೂವತ್ತು ವರ್ಷ ಈ ಕೆಲಸ ಮಾಡಿ ನಾನೂ ಕೇಳ್ಲಿಲ್ಲ. ಎಲ್ಲಿ ನಿಂತಿದ್ರಿ ಅಂತ ಕೇಳ್ಬೇಕಾಗಿತ್ತು."

ಸೀಮೆಸುಣ್ಣ ತೆಗೆದು ಬಾಗಿಲ ಹಿಂಬದಿಯ ಹಲಗೆಯ ಮೇಲೆ ಒಂದು ಸುತ್ತುಬಾಣ ಬರೆದರು. ಅದರ ಕೆಳಗೆ, ಬಾಣದ ಕಡೆಗೆ ಮುಖ ಮಾಡಿದ ಎರಡು ಪುಟ್ಟ ಪಾದಗಳನ್ನು ಬರೆದರು. "ಇದು ನೀವು. ಇಲ್ಲಿ ನಿಂತು ನೋಡಿದ್ರೆ, ಹೀಗೆ. ಈಗ ಯಾರಿಗೂ ಓದು ಬೇಕಾಗಿಲ್ಲ."

ಉಳಿದದ್ದು ಮಣ್ಣು ಮೆತ್ತಿದ ಮೂರನೆಯದು. ಬಲಕ್ಕೆ ತಿರುಗುವುದು ಅದೊಂದೇ. ಅವರು ಅದನ್ನು ಬಿಚ್ಚಿದರು. ಬಿಚ್ಚಿದ ಕೂಡಲೆ ಅಯಸ್ಕಾಂತದ ಎರಡು ತುದಿಗೂ ಸೇರಿಸಿ ಒಂದು ಕಬ್ಬಿಣದ ಪಟ್ಟಿ ಅಂಟಿಸಿದರು. ಪಟ್ಟಿ ಇಲ್ಲದೆ ಬಿಟ್ಟರೆ ಅದರ ಬಲ ಸೋರಿಹೋಗುತ್ತದೆ. "ಅದಕ್ಕೂ ಹಿಡ್ಕೊಳ್ಳೋಕೆ ಏನಾದ್ರೂ ಬೇಕು," ಎನ್ನುತ್ತಿದ್ದರು. ಒಳಗಿನ ತಾಮ್ರದ ತಂತಿಯ ಸುರುಳಿಗೆ ಸೀಳಿನಿಂದ ನೀರು ಇಳಿದು ತೇವ ಹಿಡಿದಿತ್ತು. ಕಾಗದದಲ್ಲಿ ತೂತು ಬೀಳಲಿಲ್ಲ.

"ಬಿಸಿಲಿಗೆ ಇಟ್ರೆ ಒಂದು ವಾರ," ಎಂದರು.

"ಶುಕ್ರವಾರ ಬೆಳಿಗ್ಗೆ ನಾನು ಅಲ್ಲಿರಬೇಕು ಮಿಸ್ತ್ರಿಗಳೇ," ಎಂದೆ. ಕೆರೆಯಾಚೆಯ ಮನೆ, ಅಡ್ಡ ಮಲಗಿದ ಮಗು, ಅತ್ತೆಯ ಮಾತು, ನನ್ನ ಮಾತು, ಎಲ್ಲ ಹೇಳಿದೆ. ಅದುವರೆಗೆ ಹೇಳಿರಲಿಲ್ಲ, ಮ್ಯಾಗ್ನೆಟೋ ಕೊಳ್ಳಲು ಬಂದವಳು ರೋಗಿಯ ವಿಷಯ ಹೇಳಬಾರದೆಂದು ಸುಮ್ಮನಿದ್ದೆ.

ಅವರು ಸಂದಿಯ ಬಾಯಿಯ ಕಡೆ ನೋಡಿದರು. "ಬ್ರೆಡ್ ತೆಗೆದ ಮೇಲೆ ಭಟ್ಟಿ ಎಷ್ಟು ಹೊತ್ತು ಬೆಚ್ಚಗಿರುತ್ತೆ?" ಎಂದು ಕೂಗಿ ಕೇಳಿದರು.

"ಸಾಯಂಕಾಲ ಅಸರ್ ನಮಾಜಿನ ತನಕ ಇರುತ್ತೆ," ಎಂದು ಬೇಕರಿಯವರು ಅಲ್ಲಿಂದಲೇ ಕೂಗಿದರು. "ಕೈಕು, ಯಾಕೆ?"

"ಒಂದು ಖಾರಾ ಬಿಸ್ಕತ್ತು ಸುಡೋದಿದೆ!"

ಹೀಗೆ ಬುಧವಾರವೂ ಗುರುವಾರವೂ ಬ್ರೆಡ್ಡು ಹೊರಬಂದ ಮೇಲೆ ಆ ತಾಮ್ರದ ಸುರುಳಿ ಭಟ್ಟಿಗೆ ಹೋಯಿತು. ಬಿಸಿ ಹೆಚ್ಚಾದರೆ ತಂತಿಯ ಮೇಲಿನ ಅರಗು ಕರಗುತ್ತದೆ, ಕಡಿಮೆಯಾದರೆ ತೇವ ಹೋಗುವುದಿಲ್ಲ. ಅವರು ಪಕ್ಕದಲ್ಲೇ ಒಂದು ಬಟ್ಟಲಿನಲ್ಲಿ ಅರಗಿನ ತುಣುಕು ಇಟ್ಟು, ಅದು ಮೆತ್ತಗಾಗುತ್ತದೆಯೇ ಎಂದು ಘಳಿಗೆಗೊಮ್ಮೆ ನೋಡುತ್ತ, ಮಡಚಲಾರದ ಕಾಲನ್ನು ಎಳೆದುಕೊಂಡು ಸಂದಿಯ ಉದ್ದಕ್ಕೂ ಓಡಾಡಿದರು. ಬುಧವಾರ ನಾನು ಕೆಲಸ ಮುಗಿಸಿ ಹೋಗಿ ನೋಡಿದಾಗ ಬೇಕರಿಯವರು, "ನಿಮ್ಮ ಮ್ಯಾಗ್ನೆಟೋಗೆ ಮೊಟ್ಟೆ ಹಾಕ್ಲಾ, ಬೇಡ್ವಾ ಸಿಸ್ಟರಮ್ಮ?" ಎಂದು ಕೇಳಿದರು. ನಗಲು ಆಗಲಿಲ್ಲ.

ಗುರುವಾರ ಸಂಜೆ ಐದಕ್ಕೆ ಆಸ್ಪತ್ರೆಯ ಮುಂದೆ ಜಟಕಾ ನಿಂತಿತು. ಎಂದೂ ಯಾರ ಗಾಡಿಯ ಹತ್ತಿರವೂ ಹೋಗದ ಮಿಸ್ತ್ರಿಗಳು ಮ್ಯಾಗ್ನೆಟೋವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೆಳಗಿಳಿದವರೇ ಕಾರಿನ ಮುಂದೆ ನಿಂತು, ತಮ್ಮ ಪಾದ ನೋಡಿಕೊಂಡು, ಹ್ಯಾಂಡಲ್ಲನ್ನು ಮೆಲ್ಲಗೆ ತಿರುಗಿಸಿ, "ಬಲ," ಎಂದು ತಮಗೆ ತಾವೇ ಹೇಳಿಕೊಂಡರು. ಅದನ್ನು ಕೂರಿಸುವಾಗ ಬೆಚ್ಚಗಿನ ಬ್ರೆಡ್ಡಿನ ವಾಸನೆ ಬರುತ್ತಿತ್ತು.

ಡಾಕ್ಟರಮ್ಮ ಹೊರಗೆ ಬಂದರು. ನೇರ ಮಾತಿನವರು. "ಮೊದಲನೆಯದು ಯಾಕೆ ಆಗಲಿಲ್ಲ? ಯಾರ ತಪ್ಪು?"

ನಾನು ಬಾಯಿ ತೆರೆಯುವ ಮೊದಲೇ ಮಿಸ್ತ್ರಿಗಳು, ತಲೆ ಎತ್ತದೆ, "ಅರ್ಧ ನಂದು, ಅರ್ಧ ಸಿಸ್ಟರಮ್ಮಂದು ಡಾಕ್ಟರಮ್ಮ," ಎಂದರು.

"ಕೈ ಮಾತ್ರ ಪೂರಾ ನಂದು," ಎಂದರು ತಾತ, ಕೊರಳ ಪಟ್ಟಿಯನ್ನು ತೋರಿಸುತ್ತ.

ನನ್ನ ಪಾಲನ್ನು ಅವರು ಮುಚ್ಚಿಡಲಿಲ್ಲ, ಹೆಚ್ಚಿಸಲೂ ಇಲ್ಲ. ಅದೇ ನನಗೆ ದೊಡ್ಡದಾಗಿ ಕಂಡಿತು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಹ್ಯಾಂಡಲ್ ತಿರುಗಿಸಿದ್ದು ನಾನು. ತಾತ ಒಂದೇ ಕೈಯಲ್ಲಿ ಸ್ಟೀರಿಂಗ್ ಹಿಡಿದು ಕೂತಿದ್ದರು. ಸೀರೆಯ ಸೆರಗು ಬಿಗಿದು, ಹೆಬ್ಬೆರಳನ್ನು ಹ್ಯಾಂಡಲ್ಲಿಗೆ ಸುತ್ತದೆ ಮಿಸ್ತ್ರಿಗಳು ತೋರಿಸಿದ ಹಾಗೆ ಹಿಡಿದು ಎಳೆದೆ. ಟಕ್. ಏನೂ ಆಗಲಿಲ್ಲ. ಮತ್ತೆ ಎಳೆದೆ. ಟಕ್, ಎಂಜಿನ್ನು ಹೊತ್ತಿಕೊಂಡಿತು. ಒಳಗಿನಿಂದ ಆಯಾಗಳು ಕೂಗಿಕೊಂಡು ಓಡಿ ಬಂದರು.

ಏಳೂವರೆಗೆ ಕೆರೆಯಾಚೆಯ ಮನೆಯ ಬಾಗಿಲಲ್ಲಿ ಕಾರು ನಿಂತಿತು. ಅತ್ತೆ ಹೊರಗೆ ಬಂದು ಕಾರನ್ನೂ ನನ್ನನ್ನೂ ನೋಡಿದಳು. "ಬಂದ್ಬುಟ್ರಾ?" ಎಂದಳು, ಅಷ್ಟೇ. ಸೊಸೆಯ ಬಟ್ಟೆಗಂಟು ಆಗಲೇ ಜಗಲಿಯ ಮೇಲಿತ್ತು. ಆ ಹೆಣ್ಣುಮಗಳು ನೋವು ಬರುವವರೆಗೆ ನಾಲ್ಕು ದಿನ ನಮ್ಮಲ್ಲಿದ್ದಳು. ಡಾಕ್ಟರಮ್ಮ ಹೊಟ್ಟೆಯ ಮೇಲಿಂದಲೇ ಕೈಯಾಡಿಸಿ ಮಗುವನ್ನು ನೇರ ಮಾಡಿ ಪಟ್ಟಿ ಕಟ್ಟಿದರು. ಮಂಗಳವಾರ ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಅಳಲು ಸ್ವಲ್ಪ ತಡ ಮಾಡಿತು. ಆಮೇಲೆ ನಿಲ್ಲಿಸಲೇ ಇಲ್ಲ.

ಬುಧವಾರ ಸುದ್ದಿ ಹೇಳಲು ಹೋದೆ. ನನ್ನನ್ನು ಕಂಡ ಕೂಡಲೆ ಮಿಸ್ತ್ರಿಗಳು ಕೇಳಿದ್ದು:

"ಎಷ್ಟನೇ ಸುತ್ತಿಗೆ ಹಿಡೀತು?"

"ಎರಡನೇ ಸುತ್ತಿಗೆ."

"ಎರಡು ಜಾಸ್ತಿ," ಎಂದು ತಲೆ ಅಲ್ಲಾಡಿಸಿದರು. "ತನ್ನಿ, ಒಂದು ಮಾಡಿಕೊಡ್ತೀನಿ." ಆಮೇಲೆ, ಕೈಯಲ್ಲಿದ್ದ ಸ್ಕ್ರೂ ಬಿಗಿಯುತ್ತ, "ಕೂಸು?" ಎಂದರು.

"ಹೆಣ್ಣು. ಚೆನ್ನಾಗಿದೆ."

ಸ್ಕ್ರೂ ಬಿಗಿಯುವ ಕೈ ನಿಂತಿತು. "ಅಲ್ಲಾಹ್‌ಗೆ ಶುಕ್ರಿಯಾ," ಎಂದು ಮೆಲ್ಲಗೆ ಹೇಳಿ, ಬೇಕರಿಯ ಕಡೆಗೆ ತಿರುಗಿ ದನಿ ಎತ್ತರಿಸಿದರು: "ಏಯ್, ನಮ್ಮ ಬಿಸ್ಕತ್ತು ಚೆನ್ನಾಗಿ ಬೆಂದಿತ್ತಂತೆ!"

ಮುಂದಿನ ಮೂರು ವರ್ಷ ನಾನು ಆ ಅಂಗಡಿಗೆ ಆಗಾಗ ಹೋಗುತ್ತಿದ್ದೆ. ಕಾರಿಗೆ ಕೆಲಸ ಇದ್ದಾಗಲೂ, ಇಲ್ಲದಾಗಲೂ. ಅವರು ಟೀಯನ್ನು ತಟ್ಟೆಗೆ ಸುರಿದು ಕೊಡುತ್ತಿದ್ದರು. ಕಿಡಿ ಗಾಳಿಯಲ್ಲಿ ಹಾರುವುದು ಹೇಗೆ, ಹಳೆಯ ಅಯಸ್ಕಾಂತ ಯಾಕೆ ಬಡವಾಗುತ್ತದೆ ಎಂದು ನಾನು ಕೇಳುತ್ತಿದ್ದೆ. ಹೊಟ್ಟೆಯೊಳಗಿನ ಮಗುವಿಗೆ ತಲೆ ಕೆಳಗೆ ಮಾಡು ಎಂದು ಯಾರು ಹೇಳುತ್ತಾರೆ ಎಂದು ಅವರು ಕೇಳುತ್ತಿದ್ದರು. ಇಬ್ಬರಿಗೂ ಪೂರ್ತಿ ಉತ್ತರ ಗೊತ್ತಿರಲಿಲ್ಲ. ಬಾಗಿಲ ಹಿಂಬದಿಯ ಹಲಗೆಯಲ್ಲಿ ಬಾಣಗಳು ಹೆಚ್ಚುತ್ತಾ ಹೋದವು: ಜಟಕಾ ಸ್ಟ್ಯಾಂಡಿನ ಹತ್ತಿರದ ಹಿಟ್ಟಿನ ಗಿರಣಿಯದು, ಬೆನ್ಸನ್ ಟೌನಿನ ಒಬ್ಬ ದೊರೆಯ ಕಾರಿನದು, ಯಾರದೋ ಮೋಟಾರ್ ಸೈಕಲ್ಲಿನದು. ಪ್ರತಿಯೊಂದರ ಕೆಳಗೂ ಎರಡು ಪಾದ. ಯಾರೇ ಬಂದು ಎಡ ಎಂದರೂ ಬಲ ಎಂದರೂ, "ಮೊದ್ಲು ನಿಮ್ಮ ಪಾದ ತೋರ್ಸಿ," ಎನ್ನುತ್ತಿದ್ದರು.

ಒಂದು ಜನವರಿಯಲ್ಲಿ, ಆಸ್ಪತ್ರೆಯ ಕೆಲಸ ಹೆಚ್ಚಿ ಎರಡು ತಿಂಗಳು ಹೋಗಲಾಗದೆ, ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೊರಟೆ. ಸಂದಿಯ ಬಾಯಲ್ಲಿ ನಿಂತು, ರೂಢಿಯಂತೆ ಎದೆಯ ಮೇಲಿನ ವಾಚು ಬಿಚ್ಚಿ ಬೇಕರಿಯ ಕಟ್ಟೆಯ ಮೇಲಿಟ್ಟೆ. ಬೇಕರಿಯವರು ಡಬ್ಬಿ ತೆರೆಯಲಿಲ್ಲ. ವಾಚನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದರು.

"ಹಾಕ್ಕೊಳ್ಳಿ ಸಿಸ್ಟರಮ್ಮ. ಇನ್ನು ಬಿಚ್ಚೋದು ಬೇಡ."

ನಾಲ್ಕೇ ದಿನದ ಜ್ವರಕ್ಕೆ ಹೋಗಿಬಿಟ್ಟರಂತೆ. ನನಗೆ ಹೇಳಿ ಕಳಿಸಲು ಬೇಕರಿಯವರಿಗೆ ನಮ್ಮ ಆಸ್ಪತ್ರೆಯ ಹೆಸರು ತಿಳಿದಿರಲಿಲ್ಲ. ಅಂಗಡಿಯನ್ನು ಆಗಲೇ ಖಾಲಿ ಮಾಡಿದ್ದರು. ಬಾಗಿಲು ಅರ್ಧ ತೆರೆದಿತ್ತು. ವಾಚು ಹಾಕಿಕೊಂಡೇ ಒಳಗೆ ಹೋದೆ. ಅದು ನಿಲ್ಲದೆ ನಡೆಯುತ್ತಲೇ ಇತ್ತು. ಬಾಗಿಲ ಹಿಂದೆ, ಎಲ್ಲಕ್ಕಿಂತ ಮೇಲೆ, ನಮ್ಮ ಕಾರಿನ ಬಾಣ ಇನ್ನೂ ಇತ್ತು. ಒಂದು ಪಾದ ಅಳಿಸಿಹೋಗಿತ್ತು.

ಅದಾದ ಮೇಲೆ ಮೂವತ್ತು ವರ್ಷ ನಾನು ಕೆಲಸ ಮಾಡಿದೆ. ಅದರಲ್ಲಿ ಹದಿನಾಲ್ಕು ವರ್ಷ ಹೊಸ ಹುಡುಗಿಯರಿಗೆ ಕಲಿಸಿದೆ. ರೋಗಿಯ ಬಲ ರೋಗಿಯದೇ ಎಂದು ಮೇಟ್ರನ್ ಕಲಿಸಿದ್ದನ್ನು ತಪ್ಪದೆ ಕಲಿಸಿದೆ. ಆದರೆ ನನ್ನ ಕೈಯಲ್ಲಿ ಬರೆದ ಪ್ರತಿಯೊಂದು ಚಾರ್ಟಿನ ಅಂಚಿನಲ್ಲೂ ಎರಡು ಪುಟ್ಟ ಪಾದಗಳಿರುತ್ತಿದ್ದವು. ಪ್ರತಿ ವರ್ಷ ಯಾರಾದರೂ ಒಬ್ಬಳು ಹೆದರುತ್ತ ಕೇಳುತ್ತಿದ್ದಳು, "ಇದು ಯಾರ ಕಾಲು ಮೇಡಂ?"

"ನಂದು," ಎನ್ನುತ್ತಿದ್ದೆ. "ಇದನ್ನು ಬರೆಯುವಾಗ ನಾನು ಅಲ್ಲಿ ನಿಂತಿದ್ದೆ."